ನಾಲ್ಕು ಗಂಟೆಯ ಬೊಬ್ಬೆ

ನನ್ನ ಹಳೆಯ ನೋಟುಪುಸ್ತಕದಲ್ಲಿ ಒಂದು ಬುಧವಾರದ ಕೆಳಗೆ ಎರಡೇ ಸಾಲುಗಳಿವೆ: “ಕೊನೆಗೂ ಏಳು ಗಂಟೆ ನಿದ್ದೆ. ಮನೆಯಲ್ಲಿ ಒಂದು ಸದ್ದಿಲ್ಲ.” ಅಕ್ಷರ ದುಂಡಗಿದೆ. ಮನಸ್ಸು ಹಗುರಾದ ದಿನ ನನ್ನ ಅಕ್ಷರ ದುಂಡಗಾಗುತ್ತದೆ. ಅದನ್ನು ಬರೆಯುವ ಹೊತ್ತಿಗೆ ನನ್ನ ನಾಲ್ಕು ವರ್ಷದ ಮಗಳಿಗೆ ಸ್ವರ ಹೋಗಿ ಒಂದು ದಿನವಾಗಿತ್ತೋ ಎರಡು ದಿನವಾಗಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಇಲ್ಲಿ ಬರೆಯುವುದರಲ್ಲಿ ನೋಟುಪುಸ್ತಕದಿಂದ ಬಂದದ್ದು ಸ್ವಲ್ಪ, ತಲೆಯಲ್ಲಿ ಉಳಿದದ್ದು ಹೆಚ್ಚು. ತಲೆಯಲ್ಲಿ ಉಳಿದದ್ದನ್ನು ನಾನು ಪೂರ್ತಿ ನಂಬುವುದಿಲ್ಲ. ಮನೆಯ ಮಾತೆಲ್ಲ ಕೊಂಕಣಿಯಲ್ಲಿ ನಡೆದದ್ದು. ಕನ್ನಡದಲ್ಲಿ ಬರೆಯುವಾಗ ಯಾರ ಮಾತು ಎಷ್ಟು ಮೆದುವಾಯಿತೋ, ಎಷ್ಟು ಗಟ್ಟಿಯಾಯಿತೋ. ಆದರೂ ಬರೆಯುತ್ತೇನೆ. ಆ ಮನೆಯವರಲ್ಲಿ ಈಗ ಉಳಿದವರು ನಾನು ಮತ್ತು ನನ್ನ ಗಂಡ. ಅವರು ಈ ವಿಷಯ ಎತ್ತುವುದಿಲ್ಲ.

ಮಂಗಳೂರು ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿತ್ತು. ನಾನು ಬಿ.ಎ. ಮುಗಿಸಿ ಆಮೇಲೆ ನರ್ಸಿಂಗ್ ಕಲಿತವಳು. ನಮ್ಮಲ್ಲಿ ಬಿ.ಎ. ಓದಿದ ಹುಡುಗಿ ಟೀಚರ್ ಆಗುವುದು ವಾಡಿಕೆ, ಆದ್ದರಿಂದ ಓದಿದವರಿಗೂ ನರ್ಸುಗಳಿಗೂ ನನ್ನ ಮೇಲೆ ಅನುಮಾನ. ಆಸ್ಪತ್ರೆಯಲ್ಲಿ ನನ್ನ ಹೆಸರು ‘ಬಿ.ಎ. ಸಿಸ್ಟರ್’. “ಬಿ.ಎ. ಸಿಸ್ಟರ್, ಈ ಬೆಡ್‌ಪ್ಯಾನನ್ನು ಸ್ವಲ್ಪ ಇಂಗ್ಲಿಷಿನಲ್ಲಿ ತೊಳೆಯಿರಿ,” ಎಂದು ಆಯಾಗಳು ಕೂಡ ನಗುತ್ತಿದ್ದರು. ಮದುವೆಯಾದ ಮೇಲೂ ಕೆಲಸ ಬಿಡದವರು ನಾವು ನಾಲ್ಕೋ ಐದೋ ಜನ. ಉಳಿದವರು ಹಾಸ್ಟೆಲಿನಲ್ಲಿದ್ದರು. ಹಾಸ್ಟೆಲಿನಲ್ಲಿ ರಾತ್ರಿ ಪಾಳಿಯವರಿಗೆಂದೇ ಕಪ್ಪು ಪರದೆಯ ಒಂದು ಕೋಣೆ ಇತ್ತು. ನನಗೆ ಇದ್ದದ್ದು ಕಂಕನಾಡಿಯ ಇಳಿಜಾರಿನ ಒಂದು ಹಂಚಿನ ಬಾಡಿಗೆ ಮನೆ. ಅದರಲ್ಲಿ ಗಂಡ, ಅತ್ತೆ, ಮಗಳು.

ರಾತ್ರಿ ಪಾಳಿ ಬಂದರೆ ಒಂದು ತಿಂಗಳು ಪೂರ್ತಿ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ನನಗೆ ಮಕ್ಕಳ ವಾರ್ಡು. ಮೊದಲ ವಾರದ ನನ್ನ ನಿದ್ದೆಯ ಲೆಕ್ಕ ಪುಸ್ತಕದಲ್ಲಿದೆ: ಮೂರು ಗಂಟೆ, ಎರಡೂವರೆ, ಮೂರು, ಎರಡು. ಎಂಟನೆಯ ದಿನ ಬೆಳಗಿನ ಜಾವ ಔಷಧಿಯ ಲೋಟ ಕೈಯಲ್ಲಿ ಹಿಡಿದುಕೊಂಡೇ ನಿಂತಲ್ಲಿ ತೂಕಡಿಸಿದೆ. ಪಕ್ಕದ ಮಂಚದ ಮಗುವಿಗೆ ಹೋಗಬೇಕಾದ ಔಷಧಿ ಈ ಮಗುವಿನ ಬಾಯಿಯ ಹತ್ತಿರ ಇತ್ತು. ಪಡೀಲಿನಿಂದ ಬರುತ್ತಿದ್ದ ಹಿರಿಯ ಸಿಸ್ಟರ್ ನನ್ನ ಮಣಿಕಟ್ಟು ಹಿಡಿದರು. ರಾತ್ರಿ ಪಾಳಿಯಲ್ಲೇ ಕೂದಲು ಹಣ್ಣಾದವರು ಅವರು.

“ಕೊಟ್ಟಿದ್ರೆ?” ಎಂದರು.

ಲೋಟವನ್ನು ನನ್ನ ಕೈಯಿಂದ ತೆಗೆದು ಮೇಜಿನ ಮೇಲೆ ಇಟ್ಟರು.

“ನಾನು ಈಗ ಮೇಲೆ ಹೇಳುದಿಲ್ಲ. ಇನ್ನೊಂದು ಸಲ ಕಂಡ್ರೆ ಹೇಳ್ತೇನೆ, ನಿನ್ನ ಬಿ.ಎ. ನೋಡುದಿಲ್ಲ. ಹಗಲು ನಿದ್ದೆ ಮಾಡ್ಲಿಕ್ಕೆ ಕಲೀದವಳು ರಾತ್ರಿ ಮಕ್ಕಳ ಹತ್ರ ಬರಬಾರದು ಮಾರಾಯ್ತಿ.”

ಬೆಳಗಾಗುವುದರೊಳಗೆ ಅವರೇ ಕಲಿಸಿದರು. ರಾತ್ರಿ ಎರಡು ಗಂಟೆಯ ಮೇಲೆ ಕಾಫಿ ಮುಟ್ಟಬಾರದು. ಮನೆಗೆ ಹೋಗುವಾಗ ಬಿಸಿಲು ಕಣ್ಣಿಗೆ ಬೀಳಬಾರದು, ಕೊಡೆ ತಗ್ಗಿಸಿ ಹಿಡಿಯಬೇಕು. ದಾರಿಯಲ್ಲಿ ಯಾರ ಜೊತೆಯೂ ನಿಲ್ಲಬಾರದು. ಬಿಸಿ ಗಂಜಿ ಕುಡಿದು ಮಲಗಬೇಕು, ಮಲಗಿದ ಮೇಲೆ ಮನೆಗೆ ಬೆಂಕಿ ಬಿದ್ದರೂ ಏಳಬಾರದು. ಕೊನೆಯದನ್ನು ಅವರು ನಗುತ್ತಾ ಹೇಳಿದರು. ಬಹಳ ಹಿಂದೆ ಇನ್ನೊಂದನ್ನೂ ಅವರೇ ಕಲಿಸಿದ್ದರು, ಅದು ನಿದ್ದೆಯ ಪಾಠವಲ್ಲ, ವಾರ್ಡಿನ ಪಾಠ: ಅಳುವ ಮಗು ಸ್ವಲ್ಪ ಕಾಯಬಹುದು, ಅಳದ ಮಗುವನ್ನು ಮೊದಲು ನೋಡು. ಇದನ್ನು ನಾನು ಹೊಸ ಹುಡುಗಿಯರಿಗೆ ಎಷ್ಟೋ ಸಲ ಹೇಳಿಕೊಟ್ಟಿದ್ದೆ.

ಮಳೆಯಿಲ್ಲದ ದಿನ ಬೆಳಿಗ್ಗೆ ಎಂಟೂವರೆಗೆ ಕೊಡೆಯೊಳಗೆ ಮುಖ ಹುದುಗಿಸಿ ಕಂಕನಾಡಿ ಮಾರ್ಕೆಟ್ ದಾಟುವಾಗ ಮೀನಿನ ಹೆಂಗಸರು ಬಿಡುತ್ತಿರಲಿಲ್ಲ. “ಎಂತ ಬಾಯಮ್ಮ, ಸಾಲದವ ಹಿಂದೆ ಬರ್ತಾ ಇದ್ದಾನಾ?” ಎನ್ನುತ್ತಿದ್ದರು.

ಮನೆಯನ್ನು ಕಟ್ಟುನಿಟ್ಟಿಗೆ ತಂದವರು ಅತ್ತೆ. ಅವರು ಬಜಪೆಯ ಕಡೆಯವರು, ದೊಡ್ಡ ಸ್ವರದವರು. ಅಂಗಳದಲ್ಲಿ ನಿಂತು ಕರೆದರೆ ಇಳಿಜಾರಿನ ಕೊನೆಯ ಮನೆಯವರು ಓ ಎನ್ನಬೇಕು. ನಾನು ತೂಕಡಿಸಿದ ಕಥೆ ಕೇಳಿದ ದಿನವೇ ಅವರು ಆ ಸ್ವರವನ್ನು ಮಡಚಿಟ್ಟರು. ಬಾವಿಯ ರಾಟೆಗೆ ತೆಂಗಿನೆಣ್ಣೆ ಬಿತ್ತು. ಅರೆಯುವ ಕೆಲಸ ಸಂಜೆಗೆ ಹೋಯಿತು. ಕೂಗುವ ಹುಂಜ ಭಾನುವಾರದ ಸಾರಾಯಿತು. ನನ್ನ ಕೋಣೆಯ ಮಾಡಿನಲ್ಲಿ ಒಂದು ಗಾಜಿನ ಹಂಚು ಇತ್ತು. ಅದರಿಂದ ಇಳಿಯುವ ಬಿಸಿಲಿನ ತುಂಡು ಹನ್ನೊಂದು ಗಂಟೆಗೆ ಸರಿಯಾಗಿ ನನ್ನ ಕಣ್ಣಿನ ಮೇಲೆ ಬರುತ್ತಿತ್ತು. ನನ್ನ ಗಂಡ ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ಒಂದು ಭಾನುವಾರ ಏಣಿ ಇಟ್ಟು ಹತ್ತಿ ಆ ಹಂಚಿಗೆ ಡಾಂಬರು ಬಳಿದರು. ಕೆಳಗಿನಿಂದ ಅತ್ತೆ, “ಆರು ದಿನ ಹಂಚು ಮಾರುದು, ಏಳನೇ ದಿನ ಹಂಚಿಗೆ ಮಸಿ ಬಳಿಯುದು,” ಎಂದರು. ಪಿಸುಮಾತಿನಲ್ಲೇ.

ಮೀನು ತರುವವಳು ನಮ್ಮ ಗೇಟಿನ ಹತ್ತಿರ ಕೂಗದೆ, ಬುಟ್ಟಿ ಇಳಿಸಿ, ಬಂಗುಡೆಯನ್ನು ಬಾಲ ಹಿಡಿದು ಎತ್ತಿ ತೋರಿಸಬೇಕು. ಅತ್ತೆ ಬೆರಳಿನಲ್ಲಿ ಚೌಕಾಸಿ ಮಾಡುತ್ತಿದ್ದರು. “ನಿಮ್ಮಲ್ಲಿ ಮೀನು ಮಾರುದಂದ್ರೆ ಮೂಗರ ಶಾಲೆಯಲ್ಲಿ ಮಾರಿದ ಹಾಗೆ,” ಎಂದು ಅವಳು ಆಚೆ ಮನೆಗೆ ಹೋಗಿ ದೊಡ್ಡದಾಗಿ ಹೇಳುವುದು ನನಗೆ ಅರೆನಿದ್ದೆಯಲ್ಲಿ ಕೇಳುತ್ತಿತ್ತು.

ಮಗಳಿಗೆ ಹೇಗೆ ಹೇಳುವುದು? ನಾಲ್ಕು ವರ್ಷದ ಮಗುವಿಗೆ ಗಡಿಯಾರ ಗೊತ್ತಿಲ್ಲ. ಅತ್ತೆಯೇ ಉಪಾಯ ಹುಡುಕಿದರು. ನಾನು ಬೆಳಿಗ್ಗೆ ಬಂದು ಬಿಚ್ಚಿಡುವ ಬಿಳಿ ಟೊಪ್ಪಿಯನ್ನು ಕೋಣೆಯ ಬಾಗಿಲ ಹೊರಗಿನ ಮೊಳೆಗೆ ತೂಗುಹಾಕಿದರು. ಟೊಪ್ಪಿ ಮೊಳೆಯಲ್ಲಿ ಇರುವಷ್ಟು ಹೊತ್ತು ಪಿಸುಮಾತು. ನಾನು ಎದ್ದು ಟೊಪ್ಪಿ ತೆಗೆದು ಅಲಮಾರಿನಲ್ಲಿ ಇಟ್ಟ ಮೇಲೆ ಎಷ್ಟು ಬೇಕಾದರೂ ಗಲಾಟೆ. ಮಗಳು ಈ ಕಾನೂನನ್ನು ನಮಗಿಂತ ಚೆನ್ನಾಗಿ ಪಾಲಿಸಿದಳು. ಗೊಂಬೆಗೂ ಟೊಪ್ಪಿ ತೋರಿಸಿ ಬಾಯಿಗೆ ಬೆರಳಿಡುತ್ತಿದ್ದಳು. ಬಿದ್ದು ಮೊಣಕಾಲು ತರಚಿದರೆ ಮೊದಲು ಮೊಳೆಯ ಕಡೆ ನೋಡಿ, ಆಮೇಲೆ ಸದ್ದಿಲ್ಲದೆ ಅಳುತ್ತಿದ್ದಳು ಎಂದು ಅತ್ತೆ ಹೆಮ್ಮೆಯಿಂದ ಹೇಳಿದ್ದು ನೆನಪಿದೆ. ನಾನೂ ಹೆಮ್ಮೆಪಟ್ಟೆ. ಆ ಹೆಮ್ಮೆಯನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು.

ಇಡೀ ಹಗಲು ತಡೆದಿಟ್ಟ ಸ್ವರ ಎಲ್ಲಿಗಾದರೂ ಹೋಗಬೇಕಲ್ಲ. ನಾನು ನಿದ್ದೆ ಬಂದರೂ ಬಾರದಿದ್ದರೂ ನಾಲ್ಕು ಗಂಟೆಗೆ ಏಳುತ್ತಿದ್ದೆ. ಟೊಪ್ಪಿ ತೆಗೆದ ಕೂಡಲೇ ಮಗಳು ಅಂಗಳಕ್ಕೆ ಓಡಿ, ಪೇರಳೆ ಮರದ ಬುಡದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು, ಆಕಾಶಕ್ಕೆ ಮುಖ ಮಾಡಿ ಒಂದು ಬೊಬ್ಬೆ ಹೊಡೆಯುತ್ತಿದ್ದಳು. ಪದವಿಲ್ಲ, ಅರ್ಥವಿಲ್ಲ, ಬರೀ ಬೊಬ್ಬೆ. ಕಾಗೆಗಳು ಎದ್ದು ಹೋಗುತ್ತಿದ್ದವು. ಎದುರಿನ ಗೂಡಂಗಡಿಯಲ್ಲಿ ಬೀಡಿ, ಸೋಡಾ ಮಾರುವ ಬ್ಯಾರಿ ಕಾಕ ಅದನ್ನು ಕೇಳಿಯೇ ಚಾಕ್ಕೆ ನೀರಿಡುತ್ತಿದ್ದರು. “ಸಿಸ್ಟರಮ್ಮ, ಕಾರ್ಖಾನೆಯ ಕೂಗು ಒಂದೆರಡು ನಿಮಿಷ ಆಚೆ ಈಚೆ ಆಗ್ತದೆ. ನಿಮ್ಮ ಮಗಳದ್ದು ಆಗುದಿಲ್ಲ,” ಎಂದು ಒಮ್ಮೆ ಹೇಳಿದರು.

ಇಷ್ಟೆಲ್ಲ ಆದರೂ ನಿದ್ದೆ ನಾಲ್ಕು ಗಂಟೆ ದಾಟಿರಲಿಲ್ಲ. ಕಣ್ಣು ಮುಚ್ಚಿ ಮಲಗಿದ್ದರೆ ಮನೆಯವರು ನನಗಾಗಿ ಸದ್ದು ಮಾಡದೆ ಇರುವುದೇ ಒಂದು ಸದ್ದಿನ ಹಾಗೆ ಕೇಳುತ್ತಿತ್ತು. ಮೂರನೆಯ ವಾರದ ಮಂಗಳವಾರ ಅದು ತಾನಾಗಿ ಆಯಿತು. ಮಲಗಿದ್ದು ಗೊತ್ತು, ಎದ್ದದ್ದು ಗೊತ್ತು, ನಡುವೆ ಏನೂ ಇಲ್ಲ. ಎಚ್ಚರವಾದಾಗ ಕೋಣೆಯ ಹೊರಗೆ ದೀಪ ಹಚ್ಚಿದ್ದರು. ಆರು ಗಂಟೆ.

“ಯಾಕೆ ಎಬ್ಬಿಸ್ಲಿಲ್ಲ ಮಾಂಯ್?” ಎಂದೆ.

“ಗೊರಕೆ ಹೊಡೀತಾ ಇದ್ದಿ ಬಾಯೆ,” ಎಂದರು ಅತ್ತೆ. ಅವರ ಕಣ್ಣಲ್ಲಿ ನೀರಿತ್ತು. “ಅದನ್ನು ಕೇಳ್ಲಿಕ್ಕೇ ನಾನು ಬಾಗಿಲ ಹತ್ರ ಕೂತದ್ದು.”

ಬುಧವಾರ ಮತ್ತೆ ಹಾಗೆಯೇ, ಹನ್ನೊಂದರಿಂದ ಆರು. ಆ ಎರಡು ದಿನ ಟೊಪ್ಪಿ ಆರು ಗಂಟೆಯವರೆಗೆ ಮೊಳೆಯಲ್ಲಿ ಇತ್ತು. ಆರರ ಮೇಲೆ ಬೊಬ್ಬೆ ಇಲ್ಲ. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಸಂಜೆಯ ಗಂಟೆ ಆದ ಮೇಲೆ ಹೆಣ್ಣುಮಕ್ಕಳು ಅಂಗಳದಲ್ಲಿ ಬೊಬ್ಬೆ ಹೊಡೆಯಬಾರದು ಎಂಬುದು ಅತ್ತೆಯ ನಿಯಮ. ಅದು ಪ್ರಾರ್ಥನೆಗೆ ಕೂರುವ ಹೊತ್ತು. ಹೀಗೆ ಎರಡು ದಿನ ನನ್ನ ಮಗಳಿಗೆ ಸ್ವರ ಎತ್ತುವ ಸರದಿಯೇ ಬರಲಿಲ್ಲ. ಅವಳು ಪಿಸುಗುಟ್ಟುತ್ತಿದ್ದಳು. ನಾವೂ ಪಿಸುಗುಟ್ಟುತ್ತಿದ್ದೆವು.

ಆ ಎರಡು ದಿನಗಳ ಬಗ್ಗೆ ಆಮೇಲೆ ಅತ್ತೆಯಿಂದ ತುಂಡು ತುಂಡಾಗಿ ಕೇಳಿ ತಿಳಿದದ್ದು ಇಷ್ಟು: ಮಗು ಅನ್ನ ಬೇಡ ಎಂದಿತು. ನುಂಗಲಿಕ್ಕೆ ಆಗುವುದಿಲ್ಲ ಎಂದಿತು. ಮೈ ಸ್ವಲ್ಪ ಬೆಚ್ಚಗಿತ್ತು. ಅತ್ತೆ ಕೊರಳಿಗೆ ಬಿಸಿ ಎಣ್ಣೆ ಸವರಿದರು, ಕಾಳುಮೆಣಸಿನ ಕಷಾಯ ಕೊಟ್ಟರು. ಮಗು ಒಮ್ಮೆ ನನ್ನ ಕೋಣೆಯ ಬಾಗಿಲಿಗೆ ಬಂದು ಮೊಳೆ ನೋಡಿ ಹಿಂದೆ ಹೋಯಿತು. ಬುಧವಾರ ನಾಲ್ಕು ಗಂಟೆಗೆ ಗೂಡಂಗಡಿಯ ಕಾಕ ಗೇಟಿನವರೆಗೆ ಬಂದು, “ಎಂತ ಬಾಯಮ್ಮ, ನಿನ್ನೆ ಇವತ್ತು ನಿಮ್ಮಲ್ಲಿ ನಾಲ್ಕು ಗಂಟೆ ಆಗ್ಲೇ ಇಲ್ವಾ?” ಎಂದು ಕೇಳಿದರಂತೆ. ಅತ್ತೆ ಬಾಯಿಗೆ ಬೆರಳಿಟ್ಟು, “ಮೆಲ್ಲ, ಸೊಸೆಗೆ ನಿದ್ದೆ ಬಂದುಂಟು,” ಎಂದರಂತೆ.

ಇಡೀ ಇಳಿಜಾರಿನಲ್ಲಿ ಆ ಸ್ವರ ಇಲ್ಲದ್ದನ್ನು ಗಮನಿಸಿದ್ದು ಕಾಕ ಒಬ್ಬರೇ.

ನಾನು ನೋಡಲಿಲ್ಲವೇ? ನೋಡಿದೆ. ಬುಧವಾರ ಸಂಜೆ ಪ್ರಾರ್ಥನೆಗೆ ಕೂತಾಗ ಅವಳು ಅಜ್ಜಿಯ ತೊಡೆಗೆ ಒರಗಿದ್ದಳು, ತುಟಿ ಅಲ್ಲಾಡುತ್ತಿತ್ತು. ಎಲ್ಲರೂ ಒಟ್ಟಿಗೆ ಗುನುಗುವಾಗ ಒಂದು ಮಗುವಿನ ತುಟಿಯಿಂದ ಸ್ವರ ಬರುತ್ತಿದೆಯೋ ಇಲ್ಲವೋ ಯಾರು ನೋಡುತ್ತಾರೆ? ಹೊರಡುವಾಗ ಬಗ್ಗಿ ಮುತ್ತಿಟ್ಟೆ. ಅವಳು ಕಿವಿಯಲ್ಲಿ, “ಮಮ್ಮಿ, ಟೊಪ್ಪಿ ತೆಗ್ದಾಯ್ತಾ?” ಎಂದು ಕೇಳಿದಳು. “ತೆಗ್ದೆ ಮಗಾ,” ಎಂದೆ. ಟೊಪ್ಪಿ ಆಗ ನನ್ನ ತಲೆಯ ಮೇಲೆಯೇ ಇತ್ತು. ತೆಗೆದಾಯಿತು ಎಂದ ಮೇಲೂ ಅವಳು ಪಿಸುಮಾತಿನಲ್ಲೇ “ಹೂಂ” ಎಂದಳು. ಇದು ಬುಧವಾರದ್ದೋ ಇನ್ಯಾವುದೋ ದಿನದ್ದೋ, ಆಣೆ ಮಾಡಿ ಹೇಳಲಾರೆ. ಬುಧವಾರದ್ದೇ ಆಗಿರಬೇಕೆಂದು ಮನಸ್ಸು ಹಟ ಹಿಡಿಯುತ್ತದೆ. ನನ್ನನ್ನು ಶಿಕ್ಷಿಸಲು ಮನಸ್ಸಿಗೆ ಅದು ಬೇಕಾಗಿರಬಹುದು. ಪುಸ್ತಕದಲ್ಲಂತೂ ಅದರ ಮಾತಿಲ್ಲ. ಅಲ್ಲಿರುವುದು ಏಳು ಗಂಟೆ ನಿದ್ದೆ ಮಾತ್ರ.

ಗುರುವಾರ ನಾಲ್ಕಕ್ಕೇ ಎಚ್ಚರವಾಯಿತು. ಮೈ ಹಗುರವಾಗಿತ್ತು. ಹೊರಗೆ ಬಂದು ಟೊಪ್ಪಿ ತೆಗೆದೆ. ಮಗಳು ಚಾಪೆಯಲ್ಲಿ ಕೂತಿದ್ದಳು.

“ಎಂತ, ಇವತ್ತು ಬೊಬ್ಬೆ ಇಲ್ವಾ? ಹೋಗು, ಎರಡು ದಿನದ್ದು ಬಾಕಿ ಉಂಟಲ್ಲ, ಒಟ್ಟಿಗೆ ಹೊಡಿ.”

ಅವಳು ಎದ್ದಳು. ಹೇಳಿದ ಮಾತು ಕೇಳುವ ಮಗು. ಮೆಲ್ಲಗೆ ಅಂಗಳಕ್ಕೆ ಇಳಿದು, ಪೇರಳೆ ಮರದ ಬುಡದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು. ಮುಖ ಮೇಲೆ ಮಾಡಿದಳು. ಬಾಯಿ ತೆರೆದಳು.

ಏನೂ ಬರಲಿಲ್ಲ.

ಯಾರೋ ನಕ್ಕರು. ನನ್ನ ನೆನಪಿನಲ್ಲಿ ಒಂದು ನಗು ಇದೆ. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡ ನಗು. ಅತ್ತೆ ಸಾಯುವವರೆಗೂ, “ಯಾರೂ ನಗಲಿಲ್ಲ ಬಾಯೆ,” ಎನ್ನುತ್ತಿದ್ದರು. ಅಲ್ಲಿದ್ದವರು ನಾವಿಬ್ಬರೇ. ಅವರು ಸುಳ್ಳು ಹೇಳುವವರಲ್ಲ, ಆದರೆ ನನ್ನ ಮೇಲಿನ ಪ್ರೀತಿಗೆ ಏನು ಬೇಕಾದರೂ ಹೇಳುವವರು.

ಅವಳು ಮತ್ತೊಮ್ಮೆ ಬಾಯಿ ತೆರೆದು ಉಸಿರೆಳೆದಳು. ಆಗ ಕೊರಳ ಬುಡದ ಗುಳಿ ಒಳಗೆ ಸೆಳೆದುಕೊಂಡಿತು. ಮುಂದಿನ ಉಸಿರಿಗೂ ಸೆಳೆದುಕೊಂಡಿತು. ಆ ಗುಳಿಯನ್ನು ನಾನು ವಾರ್ಡಿನಲ್ಲಿ ಎಷ್ಟು ಸಲ ನೋಡಿದ್ದೆ. ಓಡಿ ಹೋಗಿ ಎತ್ತಿಕೊಂಡು ಬೆಳಕಿಗೆ ಬಾಯಿ ತೆರೆಸಿದೆ. ಗಂಟಲ ಒಳಗೆ ಎರಡೂ ಕಡೆ ಬೂದು ಬಣ್ಣದ ಪೊರೆ ಕಟ್ಟಿತ್ತು. ಗಂಟಲಮಾರಿ, ಡಿಫ್ತೀರಿಯಾ. ಈಗಿನ ಹಾಗೆ ಎಲ್ಲ ಮಕ್ಕಳಿಗೂ ಮುಂಚೆಯೇ ಸೂಜಿ ಚುಚ್ಚುವ ಕಾಲ ಅದಲ್ಲ. ಆ ತಿಂಗಳು ನಮ್ಮ ವಾರ್ಡಿನಲ್ಲಿ ಅಂಥ ಇಬ್ಬರು ಮಕ್ಕಳಿದ್ದರು. ನಾನೇ ಹೊತ್ತು ತಂದೆನೋ ಎಂದೂ ಕೇಳಿಕೊಂಡಿದ್ದೇನೆ. ಆದರೆ ಹೆಚ್ಚು ಕಾಡುವ ಪ್ರಶ್ನೆ ಅದಲ್ಲ.

ಹೆಚ್ಚು ಕಾಡುವ ಪ್ರಶ್ನೆಯನ್ನು ಡಾಕ್ಟರು ಕೇಳಿದರು. ಗೂಡಂಗಡಿಯ ಕಾಕ ಓಡಿ ಬಾಡಿಗೆ ಕಾರು ತಂದಿದ್ದರು. ನಾನು ಹಿಂದಿನ ರಾತ್ರಿ ಕೆಲಸ ಮಾಡಿದ್ದ ಅದೇ ವಾರ್ಡು, ಅದೇ ಮೇಜು. ಡಾಕ್ಟರು ಟಾರ್ಚು ಹಿಡಿದು ಗಂಟಲು ನೋಡಿ, ನನ್ನ ಮುಖ ನೋಡದೆ, “ಸ್ವರ ಹೋಗಿ ಎಷ್ಟು ದಿನ ಆಯ್ತು?” ಎಂದರು.

ಇದು ಈ ಕಾಯಿಲೆಗೆ ಎಲ್ಲರಿಗೂ ಕೇಳುವ ಪ್ರಶ್ನೆ. ಈ ರೋಗದ ವಿಷಕ್ಕೆ ಎದುರಾದ ಮದ್ದು ಮೊದಲ ದಿನ ಕೊಟ್ಟರೆ ಫಲ ಒಂದು, ಮೂರನೆಯ ದಿನ ಕೊಟ್ಟರೆ ಇನ್ನೊಂದು. ನಾನೇ ಎಷ್ಟೋ ತಾಯಂದಿರನ್ನು ಕೇಳಿದ್ದೆ. ಸಮುದ್ರದ ಬದಿಯ ಗುಡಿಸಲಿನಿಂದ ಮಗುವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದ, ಅಕ್ಷರ ತಿಳಿಯದ ಹೆಂಗಸು ಕೂಡ ತಟ್ಟನೆ ಹೇಳುತ್ತಿದ್ದಳು: “ನಿನ್ನೆ ಬೆಳಿಗ್ಗೆ ಗಂಜಿ ಕುಡಿವಾಗ ಸ್ವರ ಒಡೆದಿತ್ತು ಸಿಸ್ಟರ್.” ನಾನು ಬಿ.ಎ. ಸಿಸ್ಟರ್, ದಿನದಿನದ ನಿದ್ದೆಯನ್ನು ಪುಸ್ತಕದಲ್ಲಿ ಬರೆದಿಡುವವಳು.

“ಗೊತ್ತಿಲ್ಲ ಡಾಕ್ಟ್ರೇ,” ಎಂದೆ.

ಅವರು ಟಾರ್ಚು ಇಳಿಸಿದರು. “ಗೊತ್ತಿಲ್ಲ ಅಂದ್ರೆ?”

“ನಮ್ಮ ಮನೆಯಲ್ಲಿ ಯಾರೂ ಜೋರು ಮಾತಾಡುದಿಲ್ಲ.”

ಗಂಟಲು ಕೊಯ್ದು ನಳಿಗೆ ಇಟ್ಟರು. ಉಸಿರು ಸರಿಯಾಯಿತು. ಮದ್ದು ಕೊಟ್ಟರು. ಪಡೀಲಿನ ಸಿಸ್ಟರ್ ತಮ್ಮ ಹಗಲಿನ ನಿದ್ದೆ ಬಿಟ್ಟು ಬಂದು ಕೂರುತ್ತಿದ್ದರು. ಒಮ್ಮೆ, “ನಾನು ಕಲಿಸಿದ್ದು ಹೆಚ್ಚಾಯ್ತು,” ಎಂದರು. ಐದು ದಿನ ನಾನು ಮಂಚದ ಬದಿಯಿಂದ ಏಳಲಿಲ್ಲ, ಮಲಗಲಿಲ್ಲ. ಕೊರಳಲ್ಲಿ ನಳಿಗೆ ಇದ್ದದ್ದರಿಂದ ಅವಳಿಗೆ ಪಿಸುಮಾತೂ ಬರುತ್ತಿರಲಿಲ್ಲ. ಬೆರಳಿನಿಂದ ನನ್ನ ತಲೆ ಮುಟ್ಟಿ ನೋಡುತ್ತಿದ್ದಳು. ಟೊಪ್ಪಿ ಇಲ್ಲ ಎಂದು ಗೊತ್ತಾದರೆ ಬಾಯಿ ತೆರೆಯುತ್ತಿದ್ದಳು. “ಈಗ ಬೇಡ ಮಗಾ, ಆಮೇಲೆ, ವಾಸಿ ಆದ ಮೇಲೆ,” ಎನ್ನುತ್ತಿದ್ದೆ. ವಿಷ ಆಗಲೇ ಹೃದಯಕ್ಕೆ ಇಳಿದಿತ್ತು. ಮಂಗಳವಾರ ಬೆಳಿಗ್ಗೆ, ನನ್ನ ಗಂಡ ಅವಳಿಗೆ ಚಮಚದಲ್ಲಿ ನೀರು ಕುಡಿಸುತ್ತಿದ್ದಾಗ, ಆ ಹೃದಯ ನಿಂತಿತು. ಸುತ್ತ ಹಗಲಿನ ವಾರ್ಡಿನ ಗದ್ದಲವೋ ಗದ್ದಲ. ಐದು ದಿನ ಅಲ್ಲೇ ಕೂತಿದ್ದರೂ ಹಗಲಿನಲ್ಲಿ ಆ ವಾರ್ಡು ಅಷ್ಟು ಗದ್ದಲದ್ದು ಎಂದು ನನ್ನ ಕಿವಿಗೆ ಬಿದ್ದದ್ದು ಆಗಲೇ.

ಬುಧವಾರ ಬೆಳಿಗ್ಗೆ ಮಣ್ಣು ಮಾಡಿ ಬಂದೆವು. ಹತ್ತು ಗಂಟೆ ಆಗಿರಬೇಕು. ಬಜಪೆಯ ನೆಂಟರು, ಇಳಿಜಾರಿನವರು, ಮೀನಿನವಳು, ಎಲ್ಲರೂ ಹೊರಗಿನ ಕೋಣೆಯಲ್ಲಿ ಇದ್ದರು. ಯಾರೋ ನನಗೆ ಗಂಜಿ ಕುಡಿಸಿದರು. ನಾನು ಕೋಣೆಗೆ ಹೋದೆ. ಡಾಂಬರು ಬಳಿದ ಹಂಚಿನ ಕೆಳಗೆ ಮಂಚ. ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ನಾನು ಮಲಗಿದೆ, ಮಲಗಿದ ಕೂಡಲೇ ನಿದ್ದೆ ಬಂತು. ಕನಸಿಲ್ಲದ, ಗಟ್ಟಿ ನಿದ್ದೆ. ಐದು ದಿನ ಕಣ್ಣು ಮುಚ್ಚದವಳಿಗೆ ನಿದ್ದೆ ಬಾರದೆ ಇರುತ್ತದೆಯೇ ಎಂದು ಗಂಡ ಒಮ್ಮೆ ಹೇಳಿದ್ದರು, ಅದೊಂದೇ ಸಲ. ಅದಲ್ಲ ಎಂದು ನನಗೆ ಗೊತ್ತು. ಮೈ ಪಾಠ ಕಲಿತುಬಿಟ್ಟಿತ್ತು, ಕಲಿತದ್ದನ್ನು ಯಾವಾಗ ಒಪ್ಪಿಸಬಾರದು ಎಂದು ಅದಕ್ಕೆ ಗೊತ್ತಿರಲಿಲ್ಲ.

ಎಚ್ಚರವಾದಾಗ ಮನೆ ನಿಶ್ಶಬ್ದವಾಗಿತ್ತು. ನೆಂಟರು ಹೋದರು ಎಂದುಕೊಂಡೆ. ಬಾಗಿಲು ತೆರೆದರೆ ಎಲ್ಲರೂ ಅಲ್ಲೇ ಇದ್ದರು. ಕೋಣೆ ತುಂಬ ಜನ, ಗೋಡೆಗೆ ಒರಗಿ, ಚಾಪೆಯಲ್ಲಿ, ಹೊಸ್ತಿಲಲ್ಲಿ. ಯಾರೂ ಸದ್ದು ಮಾಡುತ್ತಿರಲಿಲ್ಲ. ಮೀನಿನವಳು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಅತ್ತೆ ಬಾಗಿಲ ಹತ್ತಿರವೇ ಕೂತು ಎರಡೂ ಕೈಯಲ್ಲಿ ಬಾಯಿ ಒತ್ತಿ ಹಿಡಿದಿದ್ದರು, ಅವರ ಭುಜ ಅಲುಗುತ್ತಿತ್ತು. ಎಲ್ಲರ ಕಣ್ಣೂ ನನ್ನ ಪಕ್ಕದ ಗೋಡೆಯ ಮೇಲಿತ್ತು.

ಮೊಳೆಯಲ್ಲಿ ಟೊಪ್ಪಿ ಇತ್ತು.

ಅದನ್ನು ಹಾಕಿದ್ದು ತಾವಲ್ಲ ಎಂದು ಅತ್ತೆ ಆಮೇಲೆ ಹೇಳಿದರು. ಗಂಡನೂ ತಾವಲ್ಲ ಎಂದರು. ಬಹಳ ವರ್ಷ ನಾನು ಇಬ್ಬರಲ್ಲಿ ಒಬ್ಬರನ್ನು ನಂಬದೆ ಕಳೆದೆ. ಅದಕ್ಕೆ ಮುಂಚೆ ಟೊಪ್ಪಿ ಅಲಮಾರಿನಲ್ಲಿ ಇತ್ತು. ಅಲಮಾರಿನ ಬೀಗದ ಕೈ ಆ ಹಗಲೆಲ್ಲ ನನ್ನ ಸೊಂಟದಲ್ಲಿ ಇತ್ತು. ಬೀಗ ತೆಗೆದದ್ದು, ಹೊರಗೆ ಬಂದದ್ದು, ಮೊಳೆಗೆ ಹಾಕಿದ್ದು ಯಾವುದೂ ನನಗೆ ನೆನಪಿಲ್ಲ. ನೆನಪಿಲ್ಲ ಎಂಬುದರಿಂದ ನಾನಲ್ಲ ಎಂದು ಹೇಳಲು ಬರುವುದಿಲ್ಲ.

ಕೈ ಚಾಚಿ ಟೊಪ್ಪಿಯನ್ನು ಮೊಳೆಯಿಂದ ತೆಗೆದೆ. ಅತ್ತೆ ಬಾಯಿಂದ ಕೈ ತೆಗೆದು, ಇಳಿಜಾರಿನ ಕೊನೆಯ ಮನೆಗೆ ಕೇಳುವ ಹಾಗೆ ಅತ್ತರು.